ಗೀರು ಬೀಳದ ಐಸ್ ಇಲ್ಲ

🪷 *ಇಂದಿನ ಧಮ್ಮ ಚಿಂತನೆ* 🪷

 

ಇವತ್ತಿನ ಚಿಂತನೆ ಸ್ವಲ್ಪ ಉದ್ದ ಇದೆ. ಬೆಳಿಗ್ಗೆ ಪುರುಸೊತ್ತಿಲ್ಲದವರು ರಾತ್ರಿ ಧ್ಯಾನಕ್ಕೆ ಕೂರುವ ಮೊದಲು ಓದಿಕೊಳ್ಳಿ.

*ಒಂದು ಪ್ರಶ್ನೆ*

ನಮ್ಮ ಬಳಗದ ಸಹೋದರಿಯೊಬ್ಬರು ಕಳೆದ ವಾರ ಒಂದು ಪ್ರಶ್ನೆ ಕಳಿಸಿದ್ದರು. ಹೆಸರು ಹೇಳದೆ ಹಂಚಿಕೊಳ್ಳಬಹುದು ಎಂದಿದ್ದಾರೆ. ಅವರ ತಂದೆಗೆ ಮರೆವಿನ ಕಾಯಿಲೆ. ತಾಯಿ ತೀರಿಕೊಂಡು ಆರು ವರ್ಷವಾಗಿದೆ. ತಂದೆ ದಿನವೂ, ಕೆಲವೊಮ್ಮೆ ಗಂಟೆಗೆ ಎರಡು ಮೂರು ಸಲ, "ನಿಮ್ಮಮ್ಮ ಎಲ್ಲಿ?" ಎಂದು ಕೇಳುತ್ತಾರೆ. ಒಂದು ಸಂಜೆ ಇವರಿಗೆ ತಡೆಯಲಾಗಲಿಲ್ಲ. "ಅಮ್ಮ ಸತ್ತು ಆರು ವರ್ಷ ಆಯ್ತು, ಇನ್ನೆಷ್ಟು ಸಲ ಹೇಳಬೇಕು" ಎಂದು ಕೂಗಿಬಿಟ್ಟರು. ಆ ಸುದ್ದಿಯನ್ನು ಅದೇ ಮೊದಲ ಸಲ ಕೇಳಿದವರಂತೆ ತಂದೆ ಅತ್ತರು. ಅರ್ಧ ಗಂಟೆಯಲ್ಲಿ ಅವರು ಮರೆತರು. ಇವರಿಗೆ ಮರೆಯಲಾಗಿಲ್ಲ.

ಸಹೋದರಿ ಬರೆದ ಕೊನೆಯ ಸಾಲು ಹೀಗಿತ್ತು: "ಎಂಟು ವರ್ಷದಿಂದ ಧ್ಯಾನ ಮಾಡ್ತಿದ್ದೀನಿ. ಪಂಚಶೀಲ ಹೇಳ್ತೀನಿ. ಕೋಪ ಮತ್ತೆ ಮತ್ತೆ ಬರುತ್ತೆ. ಹಾಗಾದ್ರೆ ಇಷ್ಟು ದಿನ ಮಾಡಿದ್ದು ಏನು?"

ಈ ಪ್ರಶ್ನೆ ಅವರೊಬ್ಬರದೇ ಅಲ್ಲ. ಹೆಂಡತಿ ಮಕ್ಕಳ ಮೇಲೆ ರೇಗುವವರು, ಅತ್ತೆ ಸೊಸೆ ಜಗಳದಲ್ಲಿ ಸಿಕ್ಕವರು, ಆಫೀಸಿನಲ್ಲಿ ಮಾತು ಜಾರಿದವರು, ಎಲ್ಲರ ಪ್ರಶ್ನೆಯೂ ಇದೇ. ಉತ್ತರ ಹುಡುಕಲು ಇವತ್ತು ಒಂದು ಐಸ್ ಮೈದಾನಕ್ಕೆ ಹೋಗೋಣ. ನಗಬೇಡಿ. ಬುದ್ಧರು ಕುಂಬಾರ, ಅಕ್ಕಸಾಲಿಗ, ಬಡಗಿ, ದನಗಾಹಿ ಇಂಥ ದುಡಿಯುವ ಜನರ ಕೆಲಸದಿಂದಲೇ ಉಪಮೆ ಎತ್ತಿಕೊಂಡರು. ಐಸ್ ಮೈದಾನ ನೋಡಿಕೊಳ್ಳುವವನ ಕೆಲಸದಿಂದಲೂ ನಮಗೆ ಕಲಿಯಲು ಇದೆ.

*ಐಸ್ ಮೈದಾನ ಎಂದರೆ*

ಅಮೆರಿಕ, ಕೆನಡಾದ ಎಷ್ಟೋ ಊರುಗಳಲ್ಲಿ, ನಮ್ಮಲ್ಲಿ ಸಮುದಾಯ ಭವನ ಇರುವ ಹಾಗೆ, ಊರವರಿಗೆಲ್ಲ ಸೇರಿದ ಒಂದು ಐಸ್ ಅಂಗಳ ಇರುತ್ತದೆ. ದೊಡ್ಡ ಚಾವಣಿಯ ಕೆಳಗೆ ಸುಮಾರು 200 ಅಡಿ ಉದ್ದ, 85 ಅಡಿ ಅಗಲದ ಮಂಜುಗಡ್ಡೆಯ ನೆಲ. ದಿನದಲ್ಲಿ ಇಷ್ಟು ಹೊತ್ತು ಅಂತ ಸಾರ್ವಜನಿಕರಿಗೆ ಬಿಟ್ಟಿರುತ್ತಾರೆ. ಟಿಕೆಟ್ ಕೊಂಡು, ಅಲ್ಲೇ ಬಾಡಿಗೆಗೆ ಸಿಗುವ ಸ್ಕೇಟಿಂಗ್ ಬೂಟು ಹಾಕಿಕೊಂಡು ಯಾರು ಬೇಕಾದರೂ ಇಳಿಯಬಹುದು. ಉಳಿದ ಹೊತ್ತಿನಲ್ಲಿ ಹಾಕಿ ತಂಡಗಳು, ಮಕ್ಕಳ ತರಬೇತಿ. ಹುಟ್ಟುಹಬ್ಬ, ಶಾಲೆಯ ಕಾರ್ಯಕ್ರಮ, ಕಂಪನಿಯ ಕೂಟಕ್ಕೆ ಗಂಟೆ ಲೆಕ್ಕದಲ್ಲಿ ಇಡೀ ಅಂಗಳವನ್ನೇ ಬಾಡಿಗೆಗೂ ಕೊಡುತ್ತಾರೆ.

ಆ ಐಸ್ ನಾವು ಅಂದುಕೊಂಡಷ್ಟು ದಪ್ಪ ಇರುವುದಿಲ್ಲ. ಒಂದು ಇಂಚು, ಒಂದೂವರೆ ಇಂಚು, ಅಷ್ಟೇ. ಅದರ ಕೆಳಗೆ ಕಾಂಕ್ರೀಟ್ ನೆಲ. ಆ ನೆಲದೊಳಗೆ ಸಾಲಾಗಿ ಪೈಪುಗಳು. ಪೈಪುಗಳಲ್ಲಿ ಶೂನ್ಯಕ್ಕಿಂತ ತಣ್ಣಗಿರುವ, ಆದರೂ ಹೆಪ್ಪುಗಟ್ಟದ ಉಪ್ಪುನೀರಿನಂಥ ದ್ರವ ಹಗಲೂ ರಾತ್ರಿ ಹರಿಯುತ್ತಿರುತ್ತದೆ. ಅದರ ಮೇಲೆ ನೀರನ್ನು ತೆಳ್ಳಗೆ ಚಿಮುಕಿಸುತ್ತಾರೆ. ಅದು ಹೆಪ್ಪುಗಟ್ಟಿದ ಮೇಲೆ ಇನ್ನೊಂದು ಪದರ. ಹೀಗೆ ಪದರದ ಮೇಲೆ ಪದರ. ಒಂದೇ ಸಲ ನೀರು ತುಂಬಿಸಿದರೆ ಒಳ್ಳೆಯ ಐಸ್ ಆಗುವುದಿಲ್ಲ.

ಸ್ಕೇಟಿಂಗ್ ಬೂಟಿನ ಅಡಿಯಲ್ಲಿ ಮೂರು ನಾಲ್ಕು ಮಿಲಿಮೀಟರ್ ಅಗಲದ ಉಕ್ಕಿನ ಪಟ್ಟಿ ಇರುತ್ತದೆ. ಇಡೀ ಮೈಭಾರ ಅದರ ಮೇಲೆ. ಮಗು ಜಾರಿದರೂ ಗೀರು, ಪರಿಣತ ಆಟಗಾರ ತಿರುಗಿದರೂ ಗೀರು. ಪರಿಣತನ ಗೀರು ಇನ್ನೂ ಆಳ, ಯಾಕೆಂದರೆ ಅವನು ವೇಗವಾಗಿ ಹೋಗುತ್ತಾನೆ. ಒಂದು ಗಂಟೆ ಆಡಿದ ಮೇಲೆ ಐಸ್ ತುಂಬ ಗೀರು, ಗುಳಿ, ಹೆರೆದ ಪುಡಿ. ಹಾಗೇ ಬಿಟ್ಟರೆ ಮುಂದೆ ಬರುವವರ ಕಾಲು ಸಿಕ್ಕಿ ಮುಗ್ಗರಿಸುತ್ತಾರೆ.

ಇಲ್ಲಿ ಮೊದಲ ಪಾಠ ಇದೆ. *ಗೀರು ಬೀಳದ ಐಸ್ ಬೇಕೆಂದರೆ ಬಾಗಿಲು ಮುಚ್ಚಬೇಕು, ಯಾರನ್ನೂ ಒಳಗೆ ಬಿಡಬಾರದು.* ಆದರೆ ಅಂಗಳ ಇರುವುದೇ ಜನ ಇಳಿಯಲಿ ಅಂತ. ಮನಸ್ಸೂ ಹಾಗೆಯೇ. ಮಾತಿಲ್ಲದ, ಮನೆಯಿಲ್ಲದ, ಯಾರ ಜವಾಬ್ದಾರಿಯೂ ಇಲ್ಲದ ಮನಸ್ಸಿಗೆ ಗೀರು ಬೀಳುವ ಸಂದರ್ಭ ಕಡಿಮೆ. ತಂದೆಯನ್ನು ನೋಡಿಕೊಳ್ಳುವ ಮಗಳ ಮನಸ್ಸಿನ ಮೇಲೆ ದಿನವಿಡೀ ಒಬ್ಬರು ನಡೆದಾಡುತ್ತಿದ್ದಾರೆ. ಗೀರು ಬೀಳುತ್ತದೆ. ಗೀರು ಬಿತ್ತು ಎಂದರೆ ಐಸ್ ಸುಳ್ಳು ಅಂತ ಅರ್ಥವಲ್ಲ.

*ಜಾಂಬೋನಿ ಕಂಡುಕೊಂಡದ್ದು*

ಐಸ್ ಅಂಗಳದ ಇತಿಹಾಸದಲ್ಲಿ ಒಂದು ಹೆಸರು ಎಲ್ಲರಿಗೂ ಗೊತ್ತು, ಫ್ರಾಂಕ್ ಜಾಂಬೋನಿ. 1901ರಲ್ಲಿ ಹುಟ್ಟಿದವರು, ಇಟಲಿಯಿಂದ ಅಮೆರಿಕಕ್ಕೆ ವಲಸೆ ಬಂದ ದಂಪತಿಯ ಮಗ. ಲಾಸ್ ಏಂಜಲಿಸ್ ಹತ್ತಿರ ತಮ್ಮ ಲಾರೆನ್ಸ್ ಜೊತೆ ಸೇರಿ ದೊಡ್ಡ ದೊಡ್ಡ ಐಸ್ ಗಡ್ಡೆ ತಯಾರಿಸಿ ಮಾರುತ್ತಿದ್ದರು. ನಮ್ಮಲ್ಲಿ ಮೀನು ಮಾರುಕಟ್ಟೆಗೆ ಗೋಣಿಚೀಲ ಸುತ್ತಿ ತರುತ್ತಾರಲ್ಲ, ಅಂಥ ಗಡ್ಡೆ. ಆಮೇಲೆ ವಿದ್ಯುತ್ ಫ್ರಿಜ್ಜು ಬಂದಿತು. ಐಸ್ ಗಡ್ಡೆ ಕೊಳ್ಳುವವರು ಕಡಿಮೆಯಾಗುತ್ತಾ ಬಂದರು. ಅನಿಚ್ಚ ಎಂಬುದು ವ್ಯಾಪಾರಕ್ಕೂ ಬಿಟ್ಟಿಲ್ಲ. ಅವರು ಕೈಕಟ್ಟಿ ಕೂರಲಿಲ್ಲ. ತಣ್ಣಗೆ ಮಾಡುವ ವಿದ್ಯೆ ಕೈಯಲ್ಲಿತ್ತು, ಅದನ್ನೇ ಬೇರೆ ಕಡೆಗೆ ತಿರುಗಿಸಿದರು. ಚಿಕ್ಕಪ್ಪ ದೊಡ್ಡಪ್ಪನ ಮಗನೊಬ್ಬನನ್ನೂ ಸೇರಿಸಿಕೊಂಡು, ಇಂದು ಪ್ಯಾರಮೌಂಟ್ ಎಂದು ಕರೆಯುವ ಊರಿನಲ್ಲಿ 1940ರ ಜನವರಿಯಲ್ಲಿ 'ಐಸ್‌ಲ್ಯಾಂಡ್' ಎಂಬ ಸ್ಕೇಟಿಂಗ್ ಅಂಗಳ ತೆರೆದರು. 20,000 ಚದರಡಿ ಐಸ್. ಒಂದೇ ಹೊತ್ತಿಗೆ 800 ಜನ ಇಳಿಯಬಹುದಾಗಿತ್ತು.

ಅಂಗಳ ಮೊದಲು ಬಯಲಿನಲ್ಲೇ ಇತ್ತು. ಕ್ಯಾಲಿಫೋರ್ನಿಯಾದ ಬಿಸಿಲು, ಒಣಗಾಳಿಗೆ ಐಸ್ ನಿಲ್ಲಲಿಲ್ಲ. ಕೆಲವೇ ತಿಂಗಳಲ್ಲಿ ಮೇಲೆ ಚಾವಣಿ ಹಾಕಿದರು. ಇನ್ನೊಂದು ತೊಂದರೆ, ಆಗಿನ ಅಂಗಳಗಳಲ್ಲಿ ಕೆಳಗಿನ ಪೈಪುಗಳ ಸಾಲಿನಂತೆ ಮೇಲಿನ ಐಸೂ ಅಲೆ ಅಲೆಯಾಗಿ ಏಳುತ್ತಿತ್ತು. ಜಾಂಬೋನಿ ಪೈಪಿನ ಬದಲು ಚಪ್ಪಟೆಯಾದ ತೊಟ್ಟಿಗಳಲ್ಲಿ ಉಪ್ಪುನೀರು ಹಾಯಿಸುವ ನೆಲ ಮಾಡಿದರು. ಅದಕ್ಕೆ 1946ರಲ್ಲಿ ಪೇಟೆಂಟ್ ಸಿಕ್ಕಿತು.

ಉಳಿದದ್ದು ಗೀರಿನ ಸಮಸ್ಯೆ. ಆಗ ಐಸ್ ಸರಿಮಾಡಲು ಟ್ರ್ಯಾಕ್ಟರ್‌ಗೆ ಹೆರೆಯುವ ಹಲಗೆ ಕಟ್ಟಿ ಎಳೆಯುತ್ತಿದ್ದರು. ಹಿಂದೆ ಮೂರು ನಾಲ್ಕು ಜನ ಪುಡಿ ತುಂಬಿ ಹೊರಹಾಕಿ, ನೀರು ಚಿಮುಕಿಸಿ, ಕೊಳೆನೀರು ತಳ್ಳಿ, ಮತ್ತೆ ಹೊಸ ನೀರು ಹಾಕುತ್ತಿದ್ದರು. ಒಂದು ಗಂಟೆಗೂ ಹೆಚ್ಚು ಹೊತ್ತು ಹಿಡಿಯುತ್ತಿತ್ತು. ಅಷ್ಟು ಹೊತ್ತೂ ಜನ ಕಾಯಬೇಕು. ಈ ಎಲ್ಲ ಕೆಲಸ ಒಂದೇ ಗಾಡಿ ಮಾಡಬೇಕು ಎಂದು ಜಾಂಬೋನಿ 1942ರಿಂದಲೇ ಪ್ರಯತ್ನ ಶುರುಮಾಡಿದರು. ಮೊದಲ ಪ್ರಯತ್ನಗಳು ಕೈಕೊಟ್ಟವು. ಯುದ್ಧ ಮುಗಿದ ಮೇಲೆ ಉಳಿದುಹೋದ ಸೇನಾ ವಾಹನಗಳ ಬಿಡಿಭಾಗಗಳನ್ನೆಲ್ಲ ತಂದು ಜೋಡಿಸಿದರು. 1949ರಲ್ಲಿ ಗಾಡಿ ಸರಿಯಾಗಿ ಕೆಲಸ ಮಾಡಿತು. ಒಬ್ಬ ಚಾಲಕ, ಸುಮಾರು ಹತ್ತು ಹದಿನೈದು ನಿಮಿಷ, ಇಡೀ ಅಂಗಳ ಮತ್ತೆ ಕನ್ನಡಿಯಂತೆ. ಮೂರು ಒಲಿಂಪಿಕ್ ಚಿನ್ನ ಗೆದ್ದ ನಾರ್ವೆಯ ಸೋನ್ಯಾ ಹೆನಿ ಆ ಗಾಡಿ ಕಂಡು ತಮಗೂ ಒಂದು ಬೇಕೆಂದು ಮಾಡಿಸಿಕೊಂಡರು. ಇವತ್ತು ಲೋಕದ ಎಷ್ಟೋ ಕಡೆ ಈ ಗಾಡಿಯನ್ನೇ 'ಜಾಂಬೋನಿ' ಎಂದು ಕರೆಯುತ್ತಾರೆ.

ಬಂಧುಗಳೇ, ಈ ಮನುಷ್ಯ ಏನು ಮಾಡಿದರು ನೋಡಿ. ಗೀರೇ ಬೀಳದಂಥ ಐಸ್ ಕಂಡುಹಿಡಿಯಲು ಹೋಗಲಿಲ್ಲ. ಜನರಿಗೆ ಬೈಯಲಿಲ್ಲ. ಗೀರು ಬಿದ್ದೇ ಬೀಳುತ್ತದೆ ಎಂದು ಒಪ್ಪಿಕೊಂಡು, *ಅದನ್ನು ಬೇಗ, ಸರಿಯಾಗಿ, ಪ್ರತಿದಿನ ಸರಿಮಾಡುವ ದಾರಿ* ಹುಡುಕಿದರು. ನಮ್ಮ ಸಾಧನೆಯೂ ಇಷ್ಟೇ.

*ವಿಶಾಖೆಗೆ ಹೇಳಿದ್ದು*

ಅಂಗುತ್ತರ ನಿಕಾಯದ ಉಪೋಸಥ ಸುತ್ತದಲ್ಲಿ ಬುದ್ಧರು ಉಪಾಸಿಕೆ ವಿಶಾಖೆಗೆ ಒಂದು ವಿಷಯ ಹೇಳುತ್ತಾರೆ. ಉಪೋಸಥ ಅಂದರೆ ಕೊಳೆಯಾದ ಚಿತ್ತವನ್ನು ತಕ್ಕ ಕ್ರಮದಿಂದ ಶುಚಿಮಾಡುವುದು. ಅದಕ್ಕೆ ಅವರು ಕೊಡುವ ಉದಾಹರಣೆಗಳೆಲ್ಲ ಮನೆಯವೇ. ತಲೆ ತೊಳೆಯುವುದು, ಮೈ ತೊಳೆಯುವುದು, ಬಟ್ಟೆ ಒಗೆಯುವುದು, ಕನ್ನಡಿ ಉಜ್ಜುವುದು, ಚಿನ್ನ ಪುಟಕ್ಕಿಡುವುದು. ಒಂದೊಂದಕ್ಕೂ ಬೇರೆ ಬೇರೆ ಸಾಮಗ್ರಿ. ತಲೆಗೆ ಬೇಕಾದ್ದು ಕನ್ನಡಿಗಲ್ಲ. ಎಲ್ಲದರಲ್ಲೂ ಒಂದು ಮಾತ್ರ ಸಮಾನ: ಅದಕ್ಕೆ ತಕ್ಕ ಮನುಷ್ಯ ಪ್ರಯತ್ನ.

ಒಮ್ಮೆ ತಲೆ ತೊಳೆದರೆ ಜನ್ಮವಿಡೀ ಸಾಕು ಅಂತ ಯಾರೂ ಹೇಳುವುದಿಲ್ಲ. ವಾರ ಬಿಟ್ಟು ಮತ್ತೆ ಜಿಡ್ಡಾದರೆ "ಹೋದ ವಾರ ಹಾಕಿದ ಸೀಗೆಪುಡಿ ದಂಡ" ಅಂತಲೂ ಯಾರೂ ಅಳುವುದಿಲ್ಲ. ಮತ್ತೆ ತೊಳೆಯುತ್ತೇವೆ. ಮನಸ್ಸಿನ ವಿಷಯದಲ್ಲಿ ಮಾತ್ರ ಒಮ್ಮೆ ತೊಳೆದದ್ದು ಶಾಶ್ವತವಾಗಿರಲಿ ಎಂದು ಬಯಸುತ್ತೇವೆ. ಕ್ಲೇಶಗಳು ಬೇರುಸಹಿತ ಹೋಗುವುದು ಅರಹಂತರಿಗೆ. ಅಲ್ಲಿಯವರೆಗೆ ದಾರಿಯಲ್ಲಿರುವವರಿಗೆ ತೊಳೆಯುವ ಕೆಲಸ ಇದ್ದೇ ಇದೆ. ಭಿಕ್ಖುಗಳೂ ಹದಿನೈದು ದಿನಕ್ಕೊಮ್ಮೆ ಉಪೋಸಥದಂದು ಪಾತಿಮೋಕ್ಖ ಕೇಳುವ ಮೊದಲು ತಮ್ಮ ದೋಷಗಳನ್ನು ಹೇಳಿಕೊಂಡು ಶುದ್ಧರಾಗುತ್ತಾರೆ. ಸಂಘಕ್ಕೇ ಈ ಏರ್ಪಾಡು ಬೇಕಾಯಿತು ಎಂದ ಮೇಲೆ ಗೃಹಸ್ಥರಾದ ನಾವು ಯಾಕೆ ನಾಚಿಕೊಳ್ಳಬೇಕು?

*ಗಾಡಿ ಮಾಡುವ ಕೆಲಸ*

ಈಗ ಆ ಗಾಡಿ ಏನೇನು ಮಾಡುತ್ತದೆ ಎಂದು ಒಂದೊಂದಾಗಿ ನೋಡೋಣ. ಸಹೋದರಿಯ ಪ್ರಶ್ನೆಗೆ ಉತ್ತರ ಇದರಲ್ಲೇ ಇದೆ.

1️⃣ *ಮೊದಲು ಅಂಗಳ ಖಾಲಿ ಮಾಡುವುದು.* ಹೊತ್ತು ಮುಗಿಯಿತೆಂದು ತಿಳಿಸಿ ಎಲ್ಲರನ್ನೂ ಐಸಿನಿಂದ ಆಚೆ ಕಳಿಸುತ್ತಾರೆ. ಜನ ಇನ್ನೂ ಜಾರಾಡುತ್ತಿರುವಾಗ ಗಾಡಿ ಇಳಿಸುವುದಿಲ್ಲ. ನಾವಾದರೆ ಜಗಳದ ಮಧ್ಯದಲ್ಲೇ ಜಗಳ ಸರಿಮಾಡಲು ಹೋಗುತ್ತೇವೆ. ಒಂದು ಮಾತು ಜಾರಿದೆ, ಅದಕ್ಕೆ ಸಮಜಾಯಿಷಿ ಕೊಡಲು ಹೋಗಿ ಇನ್ನೆರಡು ಜಾರುತ್ತದೆ. ಮಾತು ಬಿರುಸಾಯಿತು ಎಂದು ಗೊತ್ತಾದ ಕೂಡಲೇ ಬಾಯಿ ಮುಚ್ಚಿ. ಆ ಕೋಣೆಯಿಂದ ಎರಡು ನಿಮಿಷ ಆಚೆ ಬನ್ನಿ. ಒಂದು ಲೋಟ ನೀರು ಕುಡಿಯಿರಿ. ಇದು ಓಡಿಹೋಗುವುದಲ್ಲ, ಅಂಗಳ ಖಾಲಿ ಮಾಡುವುದು.

2️⃣ *ತೆಳ್ಳಗೆ ಹೆರೆಯುವುದು.* ಗಾಡಿಯ ಅಡಿಯಲ್ಲಿ ಉದ್ದನೆಯ ಹರಿತವಾದ ಅಲಗು ಇದೆ. ಅದು ಮೇಲಿನ ಕಾಗದದಷ್ಟು ತೆಳು ಪದರ ಮಾತ್ರ ಹೆರೆಯುತ್ತದೆ. ಅಲಗನ್ನು ಆಳಕ್ಕೆ ಇಳಿಸಿದರೆ ಐಸೇ ಹಾಳು, ಇರುವುದೇ ಒಂದೂವರೆ ಇಂಚು. ತಪ್ಪಾದ ಮೇಲೆ ನಾವು ಮಾಡುವ ದೊಡ್ಡ ತಪ್ಪು ಇದು. "ಇವತ್ತು ಸಂಜೆ ಅಪ್ಪನಿಗೆ ಬಿರುಸಾಗಿ ಮಾತಾಡಿದೆ" ಎಂಬಲ್ಲಿಗೆ ನಿಲ್ಲಿಸುವುದಿಲ್ಲ. "ನಾನು ಯಾವಾಗಲೂ ಹೀಗೇ", "ನಾನು ಕೆಟ್ಟ ಮಗಳು", "ಎಂಟು ವರ್ಷದ ಧ್ಯಾನ ನೀರಿಗೆ ಹೋಯ್ತು" ಎಂದು ಕಾಂಕ್ರೀಟ್ ಕಾಣುವವರೆಗೆ ಹೆರೆಯುತ್ತೇವೆ. ಇವತ್ತಿನ ಗೀರನ್ನು ಇವತ್ತಿನ ಆಳಕ್ಕೆ ಹೆರೆದರೆ ಸಾಕು.

3️⃣ *ತೊಳೆಯುವುದು.* ಹೆರೆದ ಪುಡಿಯನ್ನು ಗಾಡಿ ತನ್ನೊಳಗಿನ ತೊಟ್ಟಿಗೆ ತುಂಬಿಕೊಳ್ಳುತ್ತದೆ. ಆಮೇಲೆ ನೀರು ಬಿಟ್ಟು ಗೀರುಗಳ ಒಳಗಿನ ಕೊಳೆ ಎಬ್ಬಿಸಿ, ಆ ಕೊಳೆನೀರನ್ನು ಹೀರಿಕೊಳ್ಳುತ್ತದೆ. ಮೇಲೆ ನುಣುಪು ಮಾಡಿ ಒಳಗೆ ಕೊಳೆ ಬಿಟ್ಟರೆ ಐಸ್ ಗಟ್ಟಿಯಾಗಿ ಕೂರುವುದಿಲ್ಲ. ಹಾಗೆಯೇ, ಬಿರುಸು ಮಾತಿನ ಒಳಗೆ ಏನಿತ್ತು ಎಂದು ನೋಡಬೇಕು. ರಾತ್ರಿ ನಿದ್ದೆ ಇಲ್ಲದ ದಣಿವು ಇರಬಹುದು. ಒಡಹುಟ್ಟಿದವರು ಪಾಲು ಹಂಚಿಕೊಳ್ಳುತ್ತಿಲ್ಲ ಎಂಬ ಅಸಮಾಧಾನ ಇರಬಹುದು. ಸಹೋದರಿ, ನಿಮ್ಮ ಪತ್ರ ಓದಿದಾಗ ಇನ್ನೊಂದು ಕಾಣಿಸಿತು. ನಿಮ್ಮ ತಂದೆ "ನಿಮ್ಮಮ್ಮ ಎಲ್ಲಿ" ಎಂದು ಕೇಳಿದಾಗಲೆಲ್ಲ ಅಮ್ಮನನ್ನು ಕಳೆದುಕೊಂಡ ನೋವು ನಿಮಗೂ ಹೊಸದಾಗಿ ಏಳುತ್ತದೆ. ದಿನಕ್ಕೆ ಹತ್ತು ಸಲ. ಅಲ್ಲಿ ಕೋಪಕ್ಕಿಂತ ಮೊದಲು ದುಃಖ ಇದೆ. ಅದನ್ನು ದುಃಖ ಎಂದು ಗುರುತಿಸಿದರೆ ಅರ್ಧ ತೊಳೆದಂತೆ.

4️⃣ *ಬಿಸಿನೀರು ಹಾಕುವುದು.* ಇದು ಹಲವರಿಗೆ ಗೊತ್ತಿಲ್ಲ. ಐಸ್ ಮೇಲೆ ಕೊನೆಗೆ ಹಾಕುವುದು ತಣ್ಣೀರಲ್ಲ, ಬಿಸಿನೀರು. ಸುಮಾರು 60 ಡಿಗ್ರಿಯಷ್ಟು ಬಿಸಿ. ಬಿಸಿನೀರು ಮೇಲ್ಪದರವನ್ನು ಸ್ವಲ್ಪ ಕರಗಿಸಿ, ಗೀರುಗಳೊಳಗೆ ಇಳಿದು, ಹಳೆ ಐಸಿನೊಂದಿಗೆ ಒಂದಾಗಿ ಹೆಪ್ಪುಗಟ್ಟುತ್ತದೆ. ಅದರಲ್ಲಿ ಕರಗಿದ ಗಾಳಿಯೂ ಕಡಿಮೆ, ಆದ್ದರಿಂದ ಐಸ್ ಗಟ್ಟಿ ಮತ್ತು ನಿರ್ಮಲ. ತೀರಾ ತಣ್ಣೀರು ಹಾಕಿದರೆ ಒಳಗೆ ಬೆರೆಯುವ ಮೊದಲೇ ಮೇಲೆ ಹೆಪ್ಪುಗಟ್ಟಿ ಚಕ್ಕೆಯಾಗಿ ಎದ್ದುಬರಬಹುದು.

ನಮ್ಮ ಪಶ್ಚಾತ್ತಾಪ ಬಹಳ ಸಲ ತಣ್ಣೀರಿನಂಥದ್ದು. ಕಠಿಣವಾಗಿ ನಮ್ಮನ್ನು ನಾವೇ ಬೈದುಕೊಳ್ಳುತ್ತೇವೆ, "ಇನ್ನು ಮೇಲೆ ಕೋಪವೇ ಮಾಡಿಕೊಳ್ಳಲ್ಲ" ಎಂದು ಪಣ ತೊಡುತ್ತೇವೆ. ಮಾರನೇ ಸಂಜೆ ಚಕ್ಕೆ ಎದ್ದುಬರುತ್ತದೆ. ಮೈತ್ರಿಯ ಬಿಸಿ ಬೇಕು. ತಂದೆಯ ಮೇಲೆ ಮೈತ್ರಿ, ಹಾಗೆಯೇ ದಣಿದಿರುವ ತನ್ನ ಮೇಲೂ ಮೈತ್ರಿ. ಮೈತ್ರಿ ಭಾವನೆಯನ್ನು ತನ್ನಿಂದಲೇ ಶುರುಮಾಡಿ ಎಂದು ಹಿರಿಯ ಆಚಾರ್ಯರು ಹೇಳುವುದು ಸುಮ್ಮನೆ ಅಲ್ಲ.

ಇಷ್ಟಾದ ಮೇಲೆ ಗಾಡಿ ಹೊರಗೆ ಹೋಗುತ್ತದೆ. ಆದರೂ ತಕ್ಷಣ ಯಾರನ್ನೂ ಬಿಡುವುದಿಲ್ಲ. ನೀರು ಹೆಪ್ಪುಗಟ್ಟಲು ಕೆಲವು ನಿಮಿಷ ಕಾಯುತ್ತಾರೆ. ಹೆರೆದ ಪುಡಿಯನ್ನು ಹೊರಗೆ ಸುರಿಯುತ್ತಾರೆ, ಅದು ಕರಗಿ ಹೋಗುತ್ತದೆ. ಯಾರೂ ಅದನ್ನು ಕೂಡಿಟ್ಟು, ನಿನ್ನೆ ಎಷ್ಟು ಗೀರಿತ್ತು ಅಂತ ತೋರಿಸುವುದಿಲ್ಲ.

*ಕುಕ್ಕುಚ್ಚ ಮತ್ತು ಹಿರಿ*

ಇಲ್ಲಿ ಒಂದು ಸೂಕ್ಷ್ಮ ಇದೆ. "ತಪ್ಪು ಮಾಡಿ ಕೊರಗುವುದೂ ಒಳ್ಳೆಯದೇ ಅಲ್ಲವಾ?" ಎಂದು ಕೆಲವರು ಕೇಳುತ್ತಾರೆ. ಧಮ್ಮದಲ್ಲಿ ಎರಡನ್ನು ಬೇರೆ ಬೇರೆ ಇಟ್ಟಿದ್ದಾರೆ. *ಹಿರಿ ಮತ್ತು ಒತ್ತಪ್ಪ*, ಅಂದರೆ ಕೆಟ್ಟದ್ದರ ಬಗ್ಗೆ ನಾಚಿಕೆ ಮತ್ತು ಅಂಜಿಕೆ. ಇವು ಲೋಕವನ್ನು ಕಾಯುವ ಗುಣಗಳು. *ಕುಕ್ಕುಚ್ಚ* ಅಂದರೆ ಆಗಿಹೋದದ್ದನ್ನು ನೆನೆನೆನೆದು ಕೊರಗುವುದು. ಇದು ಐದು ನೀವರಣಗಳಲ್ಲಿ ಸೇರಿದೆ. ಅಂದರೆ ದಾರಿಗೆ ಅಡ್ಡ.

ಸಂಗಾರವ ಎಂಬ ಬ್ರಾಹ್ಮಣನಿಗೆ ಬುದ್ಧರು ಐದು ನೀವರಣಗಳನ್ನು ಐದು ನೀರಿನ ಪಾತ್ರೆಗೆ ಹೋಲಿಸುತ್ತಾರೆ. ಬಣ್ಣ ಬೆರೆಸಿದ ನೀರು, ಕುದಿಯುವ ನೀರು, ಪಾಚಿ ಕಟ್ಟಿದ ನೀರು, ಗಾಳಿಗೆ ಅಲೆಯೇಳುವ ನೀರು, ಕತ್ತಲಲ್ಲಿಟ್ಟ ಕೆಸರು ನೀರು. ಯಾವುದರಲ್ಲೂ ನಮ್ಮ ಮುಖ ಸರಿಯಾಗಿ ಕಾಣುವುದಿಲ್ಲ. ಇವುಗಳಲ್ಲಿ ಕೋಪಕ್ಕೆ ಕುದಿಯುವ ನೀರಿನ ಉಪಮೆ. ಚಂಚಲತೆ ಮತ್ತು ಕೊರಗಿಗೆ ಅಲೆಯೇಳುವ ನೀರಿನ ಉಪಮೆ. ಸಹೋದರಿ, ಆ ಸಂಜೆ ನೀರು ಕುದಿಯಿತು. ಅದು ಆರಿ ಎಷ್ಟೋ ದಿನವಾಯಿತು. ಈಗ ನಿಮ್ಮನ್ನು ಕಾಡುತ್ತಿರುವುದು ಅಲೆ. ಕುದಿಯುವುದು ನಿಂತ ಮೇಲೂ ಮುಖ ಕಾಣದಿರಲು ಇದೇ ಕಾರಣ.

ಹಿರಿ ಎಂಬುದು ಗೀರನ್ನು ಕಂಡು ಗಾಡಿ ಇಳಿಸುತ್ತದೆ. ಕುಕ್ಕುಚ್ಚ ಗೀರಿನ ಮುಂದೆ ಕೂತು ಅಳುತ್ತದೆ, ಗಾಡಿ ಇಳಿಸುವುದಿಲ್ಲ.

*ಹಾಗಾದರೆ ತಪ್ಪು ಮಾಡಬಹುದಾ?*

"ಹೇಗೂ ಸರಿಮಾಡಬಹುದು ಅಂದರೆ ಯಾರು ಬೇಕಾದರೂ ಏನು ಬೇಕಾದರೂ ಮಾತಾಡಬಹುದಲ್ಲ" ಎಂಬ ಪ್ರಶ್ನೆ ಬರುತ್ತದೆ. ಬರಲೇಬೇಕು. ಗಾಡಿ ಇದೆ ಅಂತ ಯಾರೂ ಐಸ್ ಅಂಗಳಕ್ಕೆ ಹಾರೆ ತರುವುದಿಲ್ಲ. ನಡೆಯುವಾಗ ಬೀಳುವ ಗೀರು ಬೇರೆ, ಬೇಕೆಂದೇ ಅಗೆಯುವುದು ಬೇರೆ. ಬೇಕೆಂದೇ ನೋಯಿಸುವವನಿಗೆ ಇವತ್ತಿನ ಚಿಂತನೆಯಲ್ಲಿ ಸಮಾಧಾನ ಇಲ್ಲ.

ಇನ್ನೊಂದು. ನಮ್ಮ ಮನಸ್ಸಿನ ಗೀರನ್ನು ನಾವು ಕೂತು ಸರಿಮಾಡಿಕೊಳ್ಳಬಹುದು. ಎದುರಿನವರ ಮನಸ್ಸಿನಲ್ಲಿ ಬಿದ್ದದ್ದು ನಮ್ಮ ಧ್ಯಾನದಿಂದ ಹೋಗುವುದಿಲ್ಲ. ರಾಹುಲನಿಗೆ ಬುದ್ಧರು ಕನ್ನಡಿಯ ಉಪಮೆ ಕೊಟ್ಟು ಹೇಳಿದ್ದು ಇದನ್ನೇ: ಆಡುವ ಮೊದಲು, ಆಡುವಾಗ, ಆಡಿದ ಮೇಲೆ ಮೂರೂ ಸಲ ನೋಡಿಕೋ. ಆಡಿದ ಮಾತು ಕೇಡು ತಂದಿದ್ದರೆ ಗುರುವಿನ ಬಳಿಯೋ ತಿಳಿದ ಸಹಸಾಧಕರ ಬಳಿಯೋ ಮುಚ್ಚಿಡದೆ ಹೇಳು, ಮುಂದೆ ಸಂಯಮ ತಂದುಕೋ. ನಮ್ಮ ಸಹೋದರಿ ಬಳಗಕ್ಕೆ ಬರೆದರಲ್ಲ, ಆ ಕೆಲಸದ ಅರ್ಧ ಅಲ್ಲೇ ಆಯಿತು. ಉಳಿದರ್ಧ ಮುಂದಿನ ಸಂಯಮ.

ತಂದೆಗೆ ಕ್ಷಮೆ ಕೇಳಿದರೆ ಅವರಿಗೆ ಯಾಕೆಂದೇ ತಿಳಿಯುವುದಿಲ್ಲ. ಆದರೆ ಮಾತು ಮರೆತರೂ ದನಿಯ ಹಿತ ಅವರಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತದೆ ಎಂಬುದು ಇಂಥ ಹಿರಿಯರನ್ನು ನೋಡಿಕೊಳ್ಳುವವರಿಗೆ ಗೊತ್ತಿದೆ. ಆದ್ದರಿಂದ ಮುಂದಿನ ಉತ್ತರವೇ ಕ್ಷಮೆ. "ಸತ್ತಿದ್ದಾರೆ" ಎಂದು ಪ್ರತಿ ಸಲ ಹೇಳಲೇಬೇಕಾ, ಇಲ್ಲದಿದ್ದರೆ ಮುಸಾವಾದ ಆಗುತ್ತದಾ ಎಂದೂ ನೀವು ಕೇಳಿದ್ದಿರಿ. ಅಭಯ ರಾಜಕುಮಾರನಿಗೆ ಬುದ್ಧರು ಹೇಳಿದ ಪ್ರಕಾರ ಮಾತು ಸತ್ಯವಾಗಿದ್ದರಷ್ಟೇ ಸಾಲದು. ಹಿತವೂ ಆಗಬೇಕು, ಹೇಳುವ ಹೊತ್ತೂ ತಿಳಿದಿರಬೇಕು. ಸುಳ್ಳು ಹೇಳದೆ ನೋಯಿಸದೆ ಇರುವ ದಾರಿ ಇದೆ. "ಅಮ್ಮ ನೆನಪಾದ್ರಾ ಅಪ್ಪಾ? ಅಮ್ಮ ಮಾಡ್ತಿದ್ದ ಅಡುಗೆಯಲ್ಲಿ ನಿಮಗೆ ಯಾವುದು ಇಷ್ಟ?" ಎಂದು ಕೇಳಿ ನೋಡಿ. ಇದರಲ್ಲಿ ಒಂದು ಅಕ್ಷರವೂ ಸುಳ್ಳಿಲ್ಲ. ನಿಮಗೆ ಅದು ಇವತ್ತಿನ ಹತ್ತನೇ ಪ್ರಶ್ನೆ. ಅವರಿಗೆ ಅದು ಪ್ರತಿ ಸಲವೂ ಮೊದಲನೆಯದು.

*ಕೆಳಗಿನ ತಂಪು*

ಗಾಡಿಯೊಂದೇ ಐಸನ್ನು ಉಳಿಸುವುದಿಲ್ಲ. ಕೆಳಗೆ ಹರಿಯುವ ತಣ್ಣನೆಯ ದ್ರವ ನಿಂತರೆ ಎಷ್ಟು ಗಾಡಿ ಓಡಿಸಿದರೂ ನೀರೇ. ಜಾರಾಡುವವರಿಗೆ ಆ ಪೈಪು ಕಾಣಿಸುವುದಿಲ್ಲ. ದಿನವೂ ಹೇಳುವ ಪಂಚಶೀಲ, ಬೆಳಿಗ್ಗೆ ಕೂರುವ ಅರ್ಧ ಗಂಟೆ, ವಾರಕ್ಕೊಮ್ಮೆಯ ನಮ್ಮ ಅಧ್ಯಯನ, ಇವೇ ಆ ಪೈಪುಗಳು. "ಎಂಟು ವರ್ಷ ಮಾಡಿದ್ದು ಏನು?" ಎಂಬ ಪ್ರಶ್ನೆಗೆ ಉತ್ತರ ಇದು. ಕೂಗಿದ ಆ ಕ್ಷಣದಲ್ಲಿ ಧ್ಯಾನ ಕಾಣಿಸಲಿಲ್ಲ, ನಿಜ. ಆದರೆ ಕೂಗಿದ್ದು ತಪ್ಪು ಎಂದು ಅದೇ ರಾತ್ರಿ ಗೊತ್ತಾಯಿತಲ್ಲ, ಅದಕ್ಕೆ ನೆಪ ಹೇಳದೆ ಬರೆದಿರಲ್ಲ, ಅದು ಕೆಳಗಿನ ತಂಪಿನಿಂದ. ಅದಿಲ್ಲದಿದ್ದರೆ ಗೀರು ಬಿದ್ದದ್ದೂ ತಿಳಿಯುತ್ತಿರಲಿಲ್ಲ, ಎಲ್ಲ ನೀರೇ ಆಗಿರುತ್ತಿತ್ತು.

ದೊಡ್ಡ ಅಂಗಳಗಳಲ್ಲಿ ಸಂಗೀತ ಕಾರ್ಯಕ್ರಮ, ಸಮಾರಂಭಗಳಿಗೆ ಬಾಡಿಗೆ ಕೊಡುವಾಗ ಐಸನ್ನು ಕರಗಿಸುವುದೂ ಇಲ್ಲ. ಮೇಲೆ ದಪ್ಪ ಹಲಗೆ ಹೊದಿಸುತ್ತಾರೆ. ಮೇಲೆ ಕುರ್ಚಿ, ಜನ, ಸದ್ದು. ಕೆಳಗೆ ಐಸ್ ಹಾಗೇ ಇರುತ್ತದೆ, ತಂಪು ಹರಿಯುತ್ತಲೇ ಇರುತ್ತದೆ. ಮನೆಯಲ್ಲಿ ಮದುವೆ, ಆಫೀಸಿನಲ್ಲಿ ವರ್ಷದ ಕೊನೆ, ಆಸ್ಪತ್ರೆಯ ಓಡಾಟ ಎಂದು ಧ್ಯಾನಕ್ಕೆ ಕೂರಲಾಗದ ದಿನಗಳು ಬರುತ್ತವೆ. ಆಗ ಹಲಗೆ ಹೊದಿಸಿ, ಪರವಾಗಿಲ್ಲ. ತಂಪು ಮಾತ್ರ ನಿಲ್ಲಿಸಬೇಡಿ. ಶೀಲ ಬಿಡಬೇಡಿ. ಮಲಗುವ ಮುಂಚೆ ಹತ್ತು ಉಸಿರು ನೋಡುವುದನ್ನು ಬಿಡಬೇಡಿ.

*ಗಂಟೆಯ ಬಾಡಿಗೆ*

ಕೊನೆಯದಾಗಿ ಒಂದು ಮಾತು. ಆ ಅಂಗಳವನ್ನು ಬಾಡಿಗೆಗೆ ಪಡೆದವರಿಗೆ ಅದು ಒಂದು ಗಂಟೆಯೋ ಎರಡು ಗಂಟೆಯೋ ಅವರದು. ಹೊತ್ತು ಮುಗಿದ ಕೂಡಲೇ ಇಳಿಯಬೇಕು. ಮಗುವಿನ ಹುಟ್ಟುಹಬ್ಬವಾದರೂ ಅಷ್ಟೇ, ಗೆದ್ದ ತಂಡವಾದರೂ ಅಷ್ಟೇ. ಹೊಸದಾಗಿ ಇಳಿದವರಿಗೆ ಅಲ್ಲಿ ಮೊದಲು ಕಲಿಸುವುದು ಹೇಗೆ ಬೀಳಬೇಕು, ಬಿದ್ದ ಮೇಲೆ ಹೇಗೆ ಏಳಬೇಕು ಎಂದು. ಆಮೇಲೆ ಜಾರುವುದು.

ತಂದೆಯ ಜೊತೆ ನಮಗಿರುವ ಹೊತ್ತೂ ಬಾಡಿಗೆಯ ಹೊತ್ತು. ಎಷ್ಟು ಉಳಿದಿದೆ ಎಂದು ಯಾರಿಗೂ ಗೊತ್ತಿಲ್ಲ. ಆ ಹೊತ್ತನ್ನು ಹಳೆಯ ಗೀರು ಎಣಿಸುವುದರಲ್ಲಿ ಕಳೆಯಬೇಕಾ? ಬಿದ್ದರೆ ಏಳಿ. ಗೀರು ಬಿದ್ದರೆ ಸರಿಮಾಡಿ. ಮುಂದಿನ ಅರ್ಧ ಗಂಟೆಗೆ ನುಣುಪಾದ ಐಸ್ ಕೊಡಿ.

📿 *ಇಂದಿನ ಅಭ್ಯಾಸ*

• ಇವತ್ತು ಒಂದು ಸಲವಾದರೂ ಮಾತು ಬಿರುಸಾಗುತ್ತದೆ. ಆಗ ಎರಡು ನಿಮಿಷ ಅಂಗಳ ಖಾಲಿ ಮಾಡಿ.
• ರಾತ್ರಿ ಮಲಗುವ ಮುಂಚೆ ಇವತ್ತಿನ ಒಂದೇ ಒಂದು ಗೀರನ್ನು ನೆನೆಯಿರಿ. ನಿನ್ನೆಯದು ಬೇಡ. ಅದರ ಒಳಗೆ ದಣಿವಿತ್ತಾ, ಭಯವಿತ್ತಾ, ದುಃಖವಿತ್ತಾ ನೋಡಿ.
• ಯಾರಿಗಾದರೂ ನೋವಾಗಿದ್ದರೆ ನಾಳೆ ಅವರಿಗೆ ಹೇಳಬೇಕಾದ ಒಂದು ಮಾತನ್ನು ಈಗಲೇ ಮನಸ್ಸಿನಲ್ಲಿ ಇಟ್ಟುಕೊಳ್ಳಿ.
• ಆಮೇಲೆ ಐದು ನಿಮಿಷ ಮೈತ್ರಿ ಭಾವನೆ. ತನ್ನಿಂದ ಶುರುಮಾಡಿ ಮನೆಯವರಿಗೆ, ಆಮೇಲೆ ಎಲ್ಲರಿಗೂ.

ವಯಸ್ಸಾದವರನ್ನು, ಕಾಯಿಲೆಯವರನ್ನು ಮನೆಯಲ್ಲಿ ನೋಡಿಕೊಳ್ಳುತ್ತಿರುವ ಎಲ್ಲ ಬಂಧುಗಳಿಗೆ ಇಂದಿನ ಪುಣ್ಯಾನುಮೋದನೆ. ಅವರ ದಣಿವು ಇಳಿಯಲಿ. ಅವರಿಗೆ ಒಂದು ರಾತ್ರಿಯಾದರೂ ಪೂರ್ತಿ ನಿದ್ದೆ ಸಿಗಲಿ. ಹತ್ತಿರದಲ್ಲಿರುವವರು ಒಂದು ಸಂಜೆ ಹೋಗಿ ಅವರ ಜಾಗದಲ್ಲಿ ಕೂತು ಬನ್ನಿ, ಅದೂ ದಾನವೇ.

ಎಲ್ಲರಿಗೂ ಮಂಗಳವಾಗಲಿ.
ಸಾಧು ಸಾಧು ಸಾಧು 🙏🪷

_ಇಷ್ಟವಾದರೆ ಅಗತ್ಯವಿರುವ ಒಬ್ಬರಿಗೆ ಕಳಿಸಿ._